ಓಡುವ ಕಾರಿನಲ್ಲಿ ಮೆಲುದನಿ

ಮನೆಯಲ್ಲಿ ರೇಡಿಯೋ ಮುಂದೆ ಕುಳಿತು ಆಲಾಪನೆ ಕೇಳುವುದು ಒಂದು ಬಗೆ. ಓಡುವ ಕಾರಿನಲ್ಲಿ ಅದನ್ನೇ ಕೇಳುವುದು ಇನ್ನೊಂದು ಬಗೆ. ಗಾಯಕರು ಮಂದ್ರಕ್ಕೆ ಇಳಿದರೆಂದರೆ, ಎಂಜಿನ್ನಿನ ಗುರುಗುಟ್ಟುವಿಕೆಯಲ್ಲಿ, ಗಾಲಿಗಳ ಮೊರೆತದಲ್ಲಿ ಅವರ ದನಿ ಮುಳುಗಿಹೋಗುತ್ತದೆ. ತಂಬೂರಿಯಂತೂ ಕೇಳಿಸುವುದೇ ಇಲ್ಲ. ನೀವು ಗುಂಡಿ ತಿರುಗಿಸಿ ದನಿ ಏರಿಸುತ್ತೀರಿ. ಸ್ವಲ್ಪ ಹೊತ್ತಿನಲ್ಲೇ ತನಿಯಾವರ್ತನ ಮೊದಲಾಗಿ, ಮೃದಂಗದ ಪೆಟ್ಟು ನೇರವಾಗಿ ಕಿವಿಗೆ ಬಡಿಯುತ್ತದೆ. ಮತ್ತೆ ಗುಂಡಿಯ ಮೇಲೆ ಕೈ! ಸ್ಟೀರಿಂಗಿನ ಮೇಲಿರಬೇಕಾದ ಕೈ ಅದು. ಅದರ ಹಿಂದೆಯೇ ದಾರಿಯ ಮೇಲಿರಬೇಕಾದ ಕಣ್ಣೂ ಹೋಗುತ್ತದೆ. ಇದು ಬರಿಯ ರಸಭಂಗದ ಮಾತಲ್ಲ, ಪ್ರಾಣದ ಮಾತು.

ಈ ಏರಿಸಿ ಇಳಿಸುವ ಕೆಲಸವನ್ನು ಯಂತ್ರವೇ ಮಾಡಲಾರದೆ? ಮಾಡಬಲ್ಲುದು. ಒಂದು ಉದಾಹರಣೆಯಿಂದ ಅದನ್ನು ನೋಡೋಣ.

1999ರಲ್ಲಿ ಇಂಗ್ಲೆಂಡಿನ ಎಂಪೆಗ್ ಎಂಬ ಸಣ್ಣ ಸಂಸ್ಥೆ ಕಾರಿಗೆಂದೇ ಒಂದು ಡಿಜಿಟಲ್ ಸಂಗೀತ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಕಾರಿನ ರೇಡಿಯೋ ಕೂರುವ ಜಾಗದಲ್ಲೇ ಅದು ಕೂರುತ್ತಿತ್ತು. ಒಳಗೆ ಹಾರ್ಡ್ ಡಿಸ್ಕು, ಅದರ ತುಂಬ ಎಂಪಿ3 ಹಾಡುಗಳು, ನಡೆಸುವುದಕ್ಕೆ ಲಿನಕ್ಸ್. 2001ರಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಲಿನಕ್ಸಿನ ತಿರುಳು ಯಾರು ಬೇಕಾದರೂ ಓದಿ ತಿದ್ದಬಹುದಾದದ್ದು. ಆದ್ದರಿಂದ ಪೆಟ್ಟಿಗೆಯನ್ನು ಕೊಂಡವರಲ್ಲೇ ಕೆಲವರು ಅದಕ್ಕೆ ಹೊಸ ವಿದ್ಯೆಗಳನ್ನು ಕಲಿಸಿದರು. ಹಾಡು ನುಡಿಯುತ್ತಿರುವಾಗಲೇ ಮೆಲುದನಿಯನ್ನು ಎತ್ತಿಕೊಡುವುದು ಅವುಗಳಲ್ಲಿ ಒಂದು.

ಡಿಜಿಟಲ್ ಸಂಗೀತವೆಂದರೆ ಅಂಕಿಗಳ ಸಾಲು. ಸೆಕೆಂಡಿಗೆ 44,100 ಬಾರಿ ದನಿಯನ್ನು ಅಳೆದು, ಎಡಕ್ಕೊಂದು ಬಲಕ್ಕೊಂದು ಅಂಕಿ ಬರೆದಿಟ್ಟಿರುತ್ತಾರೆ. ದನಿ ಏರಿಸಬೇಕಾದರೆ ಆ ಅಂಕಿಗಳನ್ನು ಗುಣಿಸಿದರಾಯಿತು. ಇಷ್ಟೇ ತಾನೆ ಎನ್ನಬಹುದು. ತೊಡಕು ಇರುವುದು ಹೊತ್ತಿನಲ್ಲಿ. ಎಂಪೆಗ್ ಪೆಟ್ಟಿಗೆಯ ಪ್ರೊಸೆಸರ್ ಸೆಕೆಂಡಿಗೆ ಸುಮಾರು 22 ಕೋಟಿ ಬಾರಿ ಮಿಡಿಯುತ್ತಿತ್ತು. ಭಾಗಿಸಿ ನೋಡಿ: ಒಂದೊಂದು ಅಳತೆಯ ಪಾಲಿಗೆ ಬರುವುದು ಸುಮಾರು 5,000 ಮಿಡಿತ. ಎಂಪಿ3ಯ ಅಡಕವನ್ನು ಬಿಡಿಸುವ ಕೆಲಸಕ್ಕೂ ಅದರಲ್ಲೇ ಪಾಲು ಕೊಡಬೇಕು.

ತೊಟ್ಟಿಗೆ ಕೊಡದಿಂದ ನೀರು ಸುರಿಯುವುದನ್ನು ನೆನೆಯಿರಿ. ತೊಟ್ಟಿಯ ನಲ್ಲಿ ಸದಾ ಹರಿಯುತ್ತಲೇ ಇದೆ. ಎಂಪಿ3ಯಲ್ಲಿ ಸಾಮಾನ್ಯವಾಗಿ ಒಂದು ಕೊಡಕ್ಕೆ 1,152 ಅಳತೆ, ಎಂದರೆ ಸೆಕೆಂಡಿನ ಸಾವಿರದಲ್ಲಿ 26 ಭಾಗದಷ್ಟು ಸಂಗೀತ. ಮುಂದಿನ ಕೊಡ ತಡವಾದರೆ ತೊಟ್ಟಿ ಬತ್ತಿ ಹಾಡು ತುಂಡಾಗುತ್ತದೆ. ಹಾಗೆಂದು ತೊಟ್ಟಿಯನ್ನು ತೀರ ದೊಡ್ಡದು ಮಾಡಿದರೆ, ನೀವು ಈಗ ಒತ್ತಿದ ಗುಂಡಿಯ ಫಲ ಎಷ್ಟೋ ಹೊತ್ತಿನ ಮೇಲೆ ಕೇಳಿಸುತ್ತದೆ.

ಇನ್ನೊಂದು ತೊಡಕು ಭಿನ್ನರಾಶಿಯದು. ಆ ಪ್ರೊಸೆಸರಿನಲ್ಲಿ ದಶಾಂಶದ ಲೆಕ್ಕಕ್ಕೆ ಬೇರೆ ಅಂಗವಿರಲಿಲ್ಲ. ದನಿಯನ್ನು ಒಂದೂವರೆ ಪಟ್ಟು ಮಾಡುವುದು ಹೇಗೆ? ನಮ್ಮ ಹಿರಿಯರು ಒಂದೂವರೆ ರೂಪಾಯಿಯನ್ನು 24 ಆಣೆ ಎಂದು ಎಣಿಸುತ್ತಿರಲಿಲ್ಲವೆ? ಹಾಗೆಯೇ 24ರಿಂದ ಗುಣಿಸಿ 16ರಿಂದ ಭಾಗಿಸುವುದು. ಎರಡೆರಡಾಗಿ ಎಣಿಸುವ ಯಂತ್ರಕ್ಕೆ 16ರಿಂದ ಭಾಗಿಸುವುದೆಂದರೆ ಅಂಕಿಯನ್ನು ನಾಲ್ಕು ಮನೆ ಪಕ್ಕಕ್ಕೆ ಸರಿಸುವುದಷ್ಟೆ.

ಎಷ್ಟು ಏರಿಸಬೇಕೆಂಬುದೇ ಕೊನೆಯ ಪ್ರಶ್ನೆ. ಈ ಅಂಕಿಗಳಿಗೆ 32,767 ಎಂಬ ಮಿತಿಯುಂಟು. ಗುಣಿಸಿದ್ದು ಅದನ್ನು ಮೀರಿದರೆ ಅಲೆಯ ತಲೆ ಕತ್ತರಿಸಿದಂತಾಗಿ ದನಿ ಒಡೆಯುತ್ತದೆ. ಆದ್ದರಿಂದ ಗಟ್ಟಿದನಿ ಬಂದೊಡನೆ ಇಳಿಸಬೇಕು. ಮೆಲುದನಿ ಬಂದಾಗ ನಿಧಾನವಾಗಿ ಏರಿಸಬೇಕು. ಏರಿಸುವಾಗ ಅವಸರಪಟ್ಟರೆ, ಮೃದಂಗದ ಎರಡು ಪೆಟ್ಟುಗಳ ನಡುವೆ ತಂಬೂರಿ ಉಬ್ಬುತ್ತದೆ, ಕುಗ್ಗುತ್ತದೆ. ಏದುಸಿರು ಬಿಟ್ಟಂತೆ ಕೇಳುತ್ತದೆ.

ಇಂದಿನ ಅನೇಕ ಕಾರುಗಳಲ್ಲಿ ವೇಗ ಹೆಚ್ಚಿದಂತೆ ದನಿಯೂ ತಾನಾಗಿ ಹೆಚ್ಚುವ ಏರ್ಪಾಡುಂಟು. ಅದು ಬೇರೆ. ಅದು ಗಟ್ಟಿದನಿಯನ್ನೂ ಏರಿಸುತ್ತದೆ. ನಾವು ಹೇಳುತ್ತಿರುವುದು ಎರಡರ ನಡುವಣ ಅಂತರವನ್ನು ಕಿರಿದುಮಾಡುವ ವಿದ್ಯೆ.

ಹಾಗಾದರೆ ಗಾಯಕರು ಬೇಕೆಂದೇ ಇಳಿಸಿದ ದನಿಯನ್ನು ಏರಿಸುವುದು ಅಪಚಾರವಲ್ಲವೆ? ನಿಮ್ಮಲ್ಲಿ ಅನೇಕರು ಹೀಗೆ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಏರಿಳಿತವೇ ಸಂಗೀತದ ಜೀವ. ಆದರೆ ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ತಿದ್ದುವುದು ಕೇಳುವ ಗಳಿಗೆಯಲ್ಲಿ ಮಾತ್ರ. ಡಿಸ್ಕಿನಲ್ಲಿರುವ ಮೂಲಕ್ಕೆ ಏನೂ ಆಗದು. ಮೊದಲೇ ಎಲ್ಲವನ್ನೂ ಸಮಮಾಡಿ ಬರೆದಿಟ್ಟುಕೊಂಡರೆ ಕಳೆದುಹೋದ ಮಾರ್ದವ ಮತ್ತೆ ಬಾರದು. ಕ್ಷಣಕ್ಷಣಕ್ಕೆ ಲೆಕ್ಕಮಾಡುವ ಈ ಶ್ರಮವೆಲ್ಲ ಸಾರ್ಥಕವಾಗುವುದು ಇಲ್ಲಿಯೇ.

ಆದ್ದರಿಂದ ನಿಮ್ಮ ಕಾರಿನ ಪೆಟ್ಟಿಗೆಯಲ್ಲಿ ಇಂಥ ಏರ್ಪಾಡಿದ್ದರೆ, ಹೊರಡುವ ಮುಂಚೆಯೇ ಅದನ್ನು ಹದಮಾಡಿಕೊಳ್ಳಿ, ದಾರಿಯಲ್ಲಿ ಮುಟ್ಟಬೇಡಿ. ಹಿಂದಿನ ವಾಹನದ ಹಾರನ್ನು ಕೇಳಿಸುವಷ್ಟಕ್ಕೇ ದನಿ ಇರಲಿ. ಮನೆ ತಲುಪಿದ ಮೇಲೆ ಅದೇ ಹಾಡನ್ನು ಯಾವ ತಿದ್ದುಪಡಿಯೂ ಇಲ್ಲದೆ ಇನ್ನೊಮ್ಮೆ ಕೇಳಿ. ಗಾಯಕರು ಎಲ್ಲಿ ದನಿ ತಗ್ಗಿಸಿದ್ದರೆಂಬುದು ಆಗ ತಿಳಿಯುತ್ತದೆ.