ಅಜ್ಜಿಯ ಸೊಪ್ಪು, ವೈದ್ಯರ ಪರೀಕ್ಷೆ



"ಗಿಡಮೂಲಿಕೆ ತಾನೆ, ಕುಡಿದರೆ ಏನೂ ಆಗೋದಿಲ್ಲ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಪೂಜೆಗೆ ಬಿಡಿಸುವ ಕಣಗಿಲೆಯನ್ನೇ ನೋಡಿ. ಅದರ ಎಲೆ, ಬೀಜದಲ್ಲಿ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲ ವಿಷವಿದೆ. ಅದೇ ಬಗೆಯ ವಸ್ತು ಇಂಗ್ಲೆಂಡಿನ ಇನ್ನೊಂದು ಹೂಗಿಡದಲ್ಲಿಯೂ ಇದೆ. ಅಲ್ಲಿ ಅದು ಸೋತ ಹೃದಯಕ್ಕೆ ಔಷಧವಾಯಿತು.

1775ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯರ ಬಳಿಗೆ ಒಂದು ಮನೆಮದ್ದಿನ ಸುದ್ದಿ ಬಂತು. ಶ್ರಾಪ್‌ಶೈರ್‌ನ ಒಬ್ಬ ಅಜ್ಜಿ, ಮೈಗೆ ನೀರು ತುಂಬಿ ಬಾತವರಿಗೆ ಅದನ್ನು ಗುಟ್ಟಾಗಿ ಕೊಡುತ್ತಿದ್ದರು. ಅದರಲ್ಲಿ 20ಕ್ಕೆ ಕಡಿಮೆಯಿಲ್ಲದಷ್ಟು ಸೊಪ್ಪುಗಳು. ನಿಜವಾಗಿ ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಒಂದೇ ಎಂದು ವಿದರಿಂಗ್ ಗುರುತಿಸಿದರು. ಓದದ ಅಜ್ಜಿಯದೆಂದು ಹೀಗಳೆಯಲಿಲ್ಲ, ಕಣ್ಣುಮುಚ್ಚಿ ನಂಬಲೂ ಇಲ್ಲ. ಹತ್ತು ವರ್ಷ ಅಳೆದು ಕೊಟ್ಟು, ನೋಡಿ, 1785ರಲ್ಲಿ ಪುಸ್ತಕ ಬರೆದರು. ಗುಣವಾದವರನ್ನಷ್ಟೇ ಆರಿಸಿ ಬರೆದಿದ್ದರೆ ಹೆಸರು ಸುಲಭವಾಗಿ ಬರುತ್ತಿತ್ತು. ಅವರು ಗುಣವಾಗದವರನ್ನೂ ಬರೆದರು. ಶರಣರ ದಾರಿಗೆ ಅವರು ಹತ್ತಿರವಾಗಿ ನನಗೆ ಕಾಣುವುದು ಇಲ್ಲಿಯೇ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನೂ ಪ್ರಶ್ನಿಸಿಯೇ ಬರಮಾಡಿಕೊಂಡರೆಂದು ಶೂನ್ಯಸಂಪಾದನೆ ಹೇಳುತ್ತದಲ್ಲ!

1930ರಲ್ಲಿ ಅದೇ ಕುಲದ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಬೇರ್ಪಡಿಸಿದರು. ದಶಕಗಳ ಕಾಲ ಬಳಸಿದ ಮೇಲೂ ಪ್ರಶ್ನೆ ಉಳಿದಿತ್ತು: ಇದು ಆಯಸ್ಸು ಹೆಚ್ಚಿಸುತ್ತದೆಯೇ? 6,800 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆ. ಫಲಿತಾಂಶ 1997ರಲ್ಲಿ ಬಂತು. ಸಾವು ಎರಡೂ ಕಡೆ ಒಂದೇ, ನೂರಕ್ಕೆ ಸುಮಾರು 35. ಆದರೆ ಹೃದಯದ ಸೋಲು ಉಲ್ಬಣಿಸಿ ಆಸ್ಪತ್ರೆ ಸೇರಿದವರು ಔಷಧವಿಲ್ಲದವರಲ್ಲಿ ನೂರಕ್ಕೆ 35, ಔಷಧ ತೆಗೆದುಕೊಂಡವರಲ್ಲಿ 27. 2025ರಲ್ಲಿ ಇದರ ಸೋದರ ಔಷಧ ಡಿಜಿಟಾಕ್ಸಿನ್‌ನ ಪರೀಕ್ಷೆ ಪ್ರಕಟವಾಯಿತು. ಅದರಲ್ಲಿದ್ದವರು 1,212 ರೋಗಿಗಳು. ಸತ್ತವರು ಅಥವಾ ಹೃದಯದ ಸೋಲಿನಿಂದ ಆಸ್ಪತ್ರೆ ಸೇರಿದವರು ಹುಸಿಗುಳಿಗೆಯವರಲ್ಲಿ ನೂರಕ್ಕೆ 44.1, ಔಷಧದವರಲ್ಲಿ 39.5. ಒಂದು ಸೊಪ್ಪಿನ ಲೆಕ್ಕ 240 ವರ್ಷದಿಂದ ನಡೆದಿದೆ!

ಮಠದ ಆರೋಗ್ಯ ಶಿಬಿರಗಳಿಗೆ ಬರುವವರಿಗೆ ಇಷ್ಟನ್ನು ತಿಳಿಸಿ. ಈ ಔಷಧದಲ್ಲಿ ಗುಣ ಕೊಡುವ ಅಳತೆಗೂ ವಿಷವಾಗುವ ಅಳತೆಗೂ ಅಂತರ ಬಹಳ ಕಡಿಮೆ. ಹೃದಯದ ಮಾತ್ರೆ ನಡೆಯುತ್ತಿರುವಾಗ ಕಷಾಯವನ್ನೂ ಕುಡಿಯುತ್ತಿದ್ದರೆ, ಅದರಲ್ಲಿರುವ ಸೊಪ್ಪು ಯಾವುದೆಂದು ವೈದ್ಯರಿಗೆ ಹೇಳಲಿ. ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ವಾಕರಿಕೆ ಬಂದರೆ, ಊಟ ಸೇರದಿದ್ದರೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಂಡರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.