ಪರದೆಗೆ ಬೇಕಾದ ನಿಯಮ ಕಚೇರಿಗೂ ಬೇಕು



ನಾನು ಆಟಿಸಂ ಇರುವವಳು. ಬೆಂಗಳೂರಿನಲ್ಲಿ ಡಿಜಿಟಲ್ ಅಕ್ಸೆಸಿಬಿಲಿಟಿ ಪರೀಕ್ಷಕಿಯಾಗಿ ದುಡಿಯುತ್ತಿದ್ದೇನೆ. ಒಂದು ವೆಬ್‌ಸೈಟು, ಆ್ಯಪ್ ಅಥವಾ ಪಿಡಿಎಫ್ ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಮೌಸ್ ಹಿಡಿಯಲಾಗದವರಿಗೆ, ಓದಿ ಗ್ರಹಿಸಲು ಹೆಚ್ಚು ಹೊತ್ತು ಬೇಕಾದವರಿಗೆ ಬಳಸಲು ಬರುತ್ತದೆಯೇ ಎಂದು ನೋಡುತ್ತೇನೆ. ಎಲ್ಲಿ ತೊಡಕಿದೆ, ಯಾಕಿದೆ, ಹೇಗೆ ಸರಿಪಡಿಸಬೇಕು ಎಂದು ಬರೆದುಕೊಡುತ್ತೇನೆ. ಇಂದು ನಾನು ಹೇಳಬೇಕಾದದ್ದು ಒಂದೇ. ಈ ವೃತ್ತಿ ಪರದೆಯ ಮೇಲಿನ ಪುಟವನ್ನು ಏನು ಕೇಳುತ್ತದೋ ಅದನ್ನೇ ನಾವು ಕಚೇರಿಯನ್ನೂ ಕೇಳಬೇಕು. ಆಗ ಆಟಿಸಂ ಇರುವ ಎಷ್ಟೋ ಜನ ಈ ವೃತ್ತಿಯಲ್ಲಿ ಬದುಕು ಕಟ್ಟಿಕೊಳ್ಳಬಲ್ಲರು.

ನಮ್ಮ ಕೆಲಸಕ್ಕೆ ಆಧಾರ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡ. ಮೊದಲ ಆವೃತ್ತಿ ಬಂದದ್ದು 1999ರಲ್ಲಿ, 2.2ನೆಯ ಆವೃತ್ತಿ 2023ರ ಅಕ್ಟೋಬರಿನಲ್ಲಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಓಡುವ ಚಿತ್ರವನ್ನು ನಿಲ್ಲಿಸಲು ಬರಬೇಕು. ಫಾರ್ಮು ತುಂಬುವಾಗ ತಪ್ಪಾದರೆ ಯಾವ ಜಾಗದಲ್ಲಿ, ಏನು ತಪ್ಪಾಯಿತೆಂದು ಅಕ್ಷರದಲ್ಲಿ ತಿಳಿಸಬೇಕು. ನಿಯಮ ಕಣ್ಣೆದುರಿಗಿದೆ, ಪುಟ ಅದನ್ನು ಪಾಲಿಸಿದೆಯೋ ಇಲ್ಲವೋ ಎಂದು ನಾನು ತೋರಿಸಿಕೊಡಬಹುದು. ಎದುರಿಗಿರುವವರ ಮುಖ ನೋಡಿ ಮನಸ್ಸಿನಲ್ಲಿರುವುದನ್ನು ಊಹಿಸುವ ಕಷ್ಟ ಇಲ್ಲಿಲ್ಲ. ನನಗೆ ಈ ಕೆಲಸ ಒಗ್ಗಿದ್ದು ಹಾಗೆ.

ಆದರೆ ಆಟಿಸಂ ಇದ್ದವರೆಲ್ಲ ಕಂಪ್ಯೂಟರಿನಲ್ಲಿ ಪ್ರಚಂಡರು ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ನಮ್ಮಲ್ಲಿ ಮಾತೇ ಆಡದವರಿದ್ದಾರೆ, ದಿನವಿಡೀ ನೆರವು ಬೇಕಾದವರಿದ್ದಾರೆ, ಕಂಪ್ಯೂಟರ್ ಬಿಟ್ಟು ಮಣ್ಣಿನ ಕೆಲಸ, ಸಂಗೀತ ಇಷ್ಟಪಡುವವರೂ ಇದ್ದಾರೆ. ಒಂದಂತೂ ನಿಜ. ಮಿಣಮಿಣ ಮಿನುಗುವ ಜಾಹೀರಾತು, ದಿಢೀರನೆ ಶುರುವಾಗುವ ಸದ್ದು, ಪುಟದಿಂದ ಪುಟಕ್ಕೆ ಜಾಗ ಬದಲಿಸುವ ಗುಂಡಿ ನಮ್ಮಲ್ಲಿ ಹಲವರನ್ನು ದಣಿಸುತ್ತವೆ. ಬೇರೆಯವರು ಸಹಿಸಿಕೊಂಡು ಮುಂದೆ ಹೋಗುವ ತೊಡಕು ನಮಗೆ ಎದ್ದು ಕಾಣುತ್ತದೆ. ಬ್ರಿಟನ್ನಿನ ಗೃಹ ಇಲಾಖೆ 2016ರಲ್ಲಿ ವಿನ್ಯಾಸಕಾರರಿಗಾಗಿ ಭಿತ್ತಿಪತ್ರಗಳನ್ನು ಹೊರತಂದಾಗ ಅವುಗಳಲ್ಲೊಂದು ಆಟಿಸಂ ಇರುವ ಬಳಕೆದಾರರ ಕುರಿತೇ ಇತ್ತು. ಸರಳ ಬಣ್ಣ, ನೇರ ಮಾತು, ಒತ್ತಿದರೆ ಏನಾಗುತ್ತದೆಂದು ಹೇಳುವ ಗುಂಡಿ, ಗೊಂದಲವಿಲ್ಲದ ಜೋಡಣೆ ಇರಲಿ ಎನ್ನುತ್ತದೆ ಅದು. ಹಾಗೆಂದು ಕಣ್ಣು ಕಾಣದವರ ಅನುಭವವನ್ನು ನಾನು ಹೇಳಲಾರೆ. ಅದಕ್ಕೆ ಅವರೇ ಜೊತೆಗಿರಬೇಕು. ಒಳ್ಳೆಯ ತಂಡದಲ್ಲಿ ಇಬ್ಬರೂ ಇರುತ್ತಾರೆ.

ಕನ್ನಡದ ಪುಟಗಳಲ್ಲಿ ಈ ಕೆಲಸ ರಾಶಿ ಬಿದ್ದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡವೇ, ಆದರೆ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಪರದೆಯ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಓದುವುದು ಒಳಗಿರುವುದನ್ನು. ಹಾಗಾಗಿ ಕಣ್ಣು ಕಾಣದ ಓದುಗರಿಗೆ ಕೇಳಿಸುವುದು ಅರ್ಥವಿಲ್ಲದ ಸದ್ದು. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಅದೇ ಬರಹ ಕನ್ನಡವಾಗಿಯೇ ಕೇಳಿಸುತ್ತದೆ. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಹಾಕಿದರೆ ಅದು ಬರೀ ಚಿತ್ರ. ಪುಟದ ಭಾಷೆ ಕನ್ನಡವೆಂದು ಕೋಡಿನಲ್ಲಿ ನಮೂದಿಸದಿದ್ದರೆ ಓದುವ ಧ್ವನಿ ಇಂಗ್ಲಿಷಿನದೇ ಆಗಿಬಿಡಬಹುದು. ಓದುಗರು ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗೆ ಹಿಗ್ಗಿಸಿಕೊಂಡರೂ ಬರಹ ಮರೆಯಾಗಬಾರದು ಎಂಬುದು ಇನ್ನೊಂದು ನಿಯಮ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಚೌಕದಲ್ಲಿ ನಮ್ಮ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ಇಂಥ ದೋಷಗಳನ್ನು ಹಿಡಿಯಲು ಕನ್ನಡ ಓದಬಲ್ಲ, ಚೂರು ಬಿಡದೆ ನೋಡಬಲ್ಲ ಪರೀಕ್ಷಕರೇ ಬೇಕು.

ಕಲಿಯುವುದು ಹೇಗೆ? ವೆಬ್ ಪುಟಗಳನ್ನು ಕಟ್ಟುವ ಎಚ್‌ಟಿಎಂಎಲ್‌ನಿಂದ ಶುರು ಮಾಡಿ. ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯಿಂದಲೇ ಪುಟವನ್ನು ಸುತ್ತಿ ಬನ್ನಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಅದನ್ನು 2006ರಲ್ಲಿ ಆರಂಭಿಸಿದರು, ಅವರಿಗೂ ಕಣ್ಣು ಕಾಣದು. ಆಂಡ್ರಾಯ್ಡ್ ಫೋನುಗಳಲ್ಲಿ ಅಂಥದ್ದೇ ಟಾಕ್‌ಬ್ಯಾಕ್ ಇದೆ. ತಾನಾಗಿ ತಪಾಸಣೆ ಮಾಡುವ ಸಲಕರಣೆಗಳೂ ಇವೆ, ಆದರೆ ಚಿತ್ರಕ್ಕೆ ಕೊಟ್ಟ ವಿವರಣೆ ಸರಿಯಾಗಿದೆಯೇ ಎಂದು ಮನುಷ್ಯರೇ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ದೋಷದ ವರದಿ ಬರೆಯುವ ಅಭ್ಯಾಸ. ಅಂಥ ವರದಿಗಳ ಒಂದು ಸಂಗ್ರಹ ನಿಮ್ಮ ಪರವಾಗಿ ಸಂದರ್ಶನದಲ್ಲಿ ಮಾತಾಡುತ್ತದೆ.

ಕೆಲಸವೂ ಹೆಚ್ಚುತ್ತಿದೆ. 2024ರ ನವೆಂಬರಿನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಕ್ಸೆಸಿಬಿಲಿಟಿ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲಿನಲ್ಲಿ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಕೈಗೆಟಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. 2025ರ ಜೂನ್ 28ರಿಂದ ಐರೋಪ್ಯ ಒಕ್ಕೂಟದ ಅಕ್ಸೆಸಿಬಿಲಿಟಿ ಕಾನೂನು ಅನ್ವಯವಾಗಿದೆ. ಅಲ್ಲಿನ ಗ್ರಾಹಕರಿಗೆ ಸೇವೆ ಕೊಡುವ ಬೆಂಗಳೂರಿನ ಕಂಪನಿಗಳಿಗೂ ಅದರ ಬಿಸಿ ತಟ್ಟುತ್ತದೆ.

ಆದರೆ ನಮಗೆ ತಡೆ ಎದುರಾಗುವುದು ಬಾಗಿಲಲ್ಲೇ. ಸಂದರ್ಶನದಲ್ಲಿ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದೆವೇ, ಥಟ್ಟನೆ ಉತ್ತರಿಸಿದೆವೇ ಎಂದು ಅಳೆಯುತ್ತಾರೆ, ದೋಷ ಹಿಡಿಯಬಲ್ಲೆವೇ ಎಂದು ನೋಡುವುದಿಲ್ಲ. ಇಲ್ಲಿ ನಮ್ಮ ಮಾನದಂಡವನ್ನೇ ಕಚೇರಿಗೆ ಹಿಡಿಯೋಣ. ಕಾಲಮಿತಿ ಇದ್ದರೆ ಬಳಕೆದಾರರು ಅದನ್ನು ಹೆಚ್ಚಿಸಿಕೊಳ್ಳಲು ಬರಬೇಕು ಎನ್ನುತ್ತದೆ ನಿಯಮ. ಹಾಗಾದರೆ ಪ್ರಶ್ನೆಗಳನ್ನು ಮುಂಚೆಯೇ ಕಳಿಸಿ, ಒಂದು ಪುಟ ಕೊಟ್ಟು ಪರೀಕ್ಷಿಸಲು ಹೇಳಿ. ಹಲವು ಪುಟಗಳಲ್ಲಿ ಮತ್ತೆ ಮತ್ತೆ ಬರುವ ಗುಂಡಿಗಳು ಒಂದೇ ಕ್ರಮದಲ್ಲಿರಬೇಕು. ಹಾಗಾದರೆ ಕೂರುವ ಜಾಗ, ಸಭೆಯ ಸಮಯ ದಿಢೀರನೆ ಬದಲಾಗದಿರಲಿ. ಓಡುವ ಚಿತ್ರವನ್ನು ನಿಲ್ಲಿಸಲು ಬರಬೇಕು. ಹಾಗಾದರೆ ಗದ್ದಲ ತಾಳಲಾರದವರಿಗೆ ಹೆಡ್‌ಫೋನು, ಒಂದು ಶಾಂತ ಕೋಣೆ ಇರಲಿ. ತಪ್ಪಾದರೆ ಏನು ತಪ್ಪೆಂದು ಅಕ್ಷರದಲ್ಲಿ ಹೇಳಬೇಕು. ಹಾಗಾದರೆ ‘ನೀವು ಟೀಮಿಗೆ ಹೊಂದುವುದಿಲ್ಲ’ ಎಂದು ಮುಗಿಸಬೇಡಿ, ಯಾವ ದಿನ, ಯಾವ ಕೆಲಸದಲ್ಲಿ ಏನಾಗಬೇಕಿತ್ತೆಂದು ಬರೆದು ತಿಳಿಸಿ. ಇದರಲ್ಲಿ ದುಬಾರಿಯಾದದ್ದು ಏನಿದೆ?

ಇದು ಆಗದ ಮಾತೂ ಅಲ್ಲ. 2013ರಲ್ಲಿ ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ ಆಟಿಸಂ ಇರುವವರನ್ನು ನೇಮಿಸುವ ಯೋಜನೆಯನ್ನು ಜಗತ್ತಿಗೆ ಸಾರುವ ಮೊದಲೇ ಭಾರತದ ತನ್ನ ಶಾಖೆಯಲ್ಲಿ ಆರು ಮಂದಿಯನ್ನು ಸಾಫ್ಟ್‌ವೇರ್ ಪರೀಕ್ಷಕರಾಗಿ ಸೇರಿಸಿಕೊಂಡಿತ್ತು. ಕಾನೂನೂ ಜೊತೆಗಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ, 2016ರ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಅದಿದೆ. ಸರ್ಕಾರಿ ನೌಕರಿಯ ಶೇ. 4ರ ಮೀಸಲಾತಿಯಲ್ಲಿ ನಮಗೂ ಪಾಲಿದೆ. ಸಮಾನ ಅವಕಾಶ ನೀತಿಯನ್ನು ಪ್ರಕಟಿಸುವುದು ಖಾಸಗಿ ಸಂಸ್ಥೆಗಳಿಗೂ ಕಡ್ಡಾಯ.

ತಂದೆತಾಯಂದಿರೆ, ಮಗ ಅಥವಾ ಮಗಳು ಪುಟದಲ್ಲಿ ಏನೋ ಸರಿಯಿಲ್ಲ ಎಂದರೆ ‘ಹಟ ಮಾಡಬೇಡ’ ಎನ್ನುವ ಬದಲು ಏನು ಸರಿಯಿಲ್ಲವೆಂದು ಕೇಳಿ, ಬರೆಯಲು ಹೇಳಿ. ಕಂಪನಿ ನಡೆಸುವವರೆ, ಮುಂದಿನ ಸಂದರ್ಶನದ ಪ್ರಶ್ನೆಗಳನ್ನು ಹಿಂದಿನ ದಿನವೇ ಕಳಿಸಿ. ನಮ್ಮನ್ನು ಇಲ್ಲಿ ಸೇರಿಸಿದ ಸಂಘದ ಪದಾಧಿಕಾರಿಗಳಲ್ಲೂ ಒಂದು ಕೋರಿಕೆ. ನಿಮ್ಮ ಆಮಂತ್ರಣ, ವಾರ್ಷಿಕ ವರದಿಗಳನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ. ಪ್ರಕಟಿಸುವ ಮೊದಲು ಆಟಿಸಂ ಇರುವ ಒಬ್ಬರಿಂದ, ಕಣ್ಣು ಕಾಣದ ಒಬ್ಬರಿಂದ ಪರೀಕ್ಷೆ ಮಾಡಿಸಿ, ಆ ಕೆಲಸಕ್ಕೆ ತಕ್ಕ ಸಂಬಳ ಕೊಡಿ.