ಸಣ್ಣ ಗುಂಡು, ದೂರದ ಗುರಿ

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದು, ಅವರು ಎನ್.ಸಿ.ಸಿ. ಸೇರಿದ್ದರೆ, ಒಂದು ಸಂಜೆ ಐದು ತೂತು ಬಿದ್ದ ಒಂದು ಕಾಗದವನ್ನು ಹಿಡಿದುಕೊಂಡು ಹೆಮ್ಮೆಯಿಂದ ಮನೆಗೆ ಬಂದದ್ದನ್ನು ನೀವು ನೋಡಿರಬಹುದು. ಊಟದ ಹೊತ್ತಿಗೆ ಆ ಕಾಗದ ಕೈಯಿಂದ ಕೈಗೆ ಹೋಗುತ್ತದೆ. ಎಷ್ಟು ದೂರದಿಂದ ಹೊಡೆದದ್ದು ಎಂದು ಅಜ್ಜ ಕೇಳುತ್ತಾರೆ. “ಇಪ್ಪತ್ತೈದು ಮೀಟರು, ತಾತ” ಎಂಬ ಉತ್ತರ ಬಂದಾಗ, “ಅಷ್ಟೇನೇ? ಅದೇನು ಮಹಾ, ಆಟದ ಬಂದೂಕು!” ಎಂದು ನಕ್ಕುಬಿಡುತ್ತಾರೆ. ಮಗುವಿನ ಮುಖ ಚಿಕ್ಕದಾಗುತ್ತದೆ.

ಆ ಆಟದ ಬಂದೂಕಿನ ಪರವಾಗಿ ನಾನು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅರ್ಧ ಮೈಲಿ ದೂರದ ಗುರಿಗೆ ಗುಂಡು ತಾಗಿಸುವವರು ಕೂಡ ತಮ್ಮ ವಿದ್ಯೆಯನ್ನು ತಿದ್ದಿಕೊಳ್ಳಲು ಈ ಸಣ್ಣ ರೈಫಲಿನ ಬಳಿಗೇ ಮರಳಿ ಬರುತ್ತಾರೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದು ಏಕೆಂದು ವಿಚಾರಮಾಡೋಣ.

ಮೊದಲು ಈ ಸಲಕರಣೆಯ ಪರಿಚಯ. ಇದನ್ನು .22 ರೈಫಲ್ ಎನ್ನುತ್ತಾರೆ. ಒಂದು ಅಂಗುಲವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತೆರಡು ಪಾಲು ಎಂದು ಅರ್ಥ. ಮಿಲಿಮೀಟರಿನಲ್ಲಿ ಸುಮಾರು 5.6. ಇದರ ಸೀಸದ ಗುಂಡು ಒಂದು ಕಡಲೆಕಾಯಿ ಬೀಜಕ್ಕಿಂತ ಸಣ್ಣದು. ತೂಕ ಮೂರು ಗ್ರಾಮಿಗೂ ಕಡಿಮೆ. ದೊಡ್ಡ ರೈಫಲಿನ ತೋಟಾದಲ್ಲಿ ತಳದ ನಡುವೆ ಒಂದು ಕೇಪು ಇರುತ್ತದೆ. ಮೊಳೆ ಅದಕ್ಕೆ ಬಡಿದಾಗ ಮದ್ದು ಹತ್ತಿಕೊಳ್ಳುತ್ತದೆ. ಈ ಸಣ್ಣ ತೋಟಾದಲ್ಲಿ ಬೇರೆ ಕೇಪಿಲ್ಲ. ತಳದ ಸುತ್ತಲಿನ ಅಂಚಿನೊಳಗೇ ಸಿಡಿಯುವ ವಸ್ತುವನ್ನು ತುಂಬಿರುತ್ತಾರೆ. ಮೊಳೆ ಆ ಅಂಚನ್ನು ಜಜ್ಜಿದರೆ ಸಾಕು. ಆದಕಾರಣವೇ ಇದಕ್ಕೆ ರಿಮ್‌ಫೈರ್ ಎಂದು ಹೆಸರು. ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿ 1857ರಲ್ಲಿ ತನ್ನ ಪುಟ್ಟ ರಿವಾಲ್ವರಿಗಾಗಿ ಇಂಥ ತೋಟಾವನ್ನು ಹೊರತಂದಿತು. ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ಎಂಬ ಬಗೆ 1887ರಲ್ಲಿ ಅಲ್ಲಿನ ಸ್ಟೀವನ್ಸ್ ಕಂಪೆನಿಯಿಂದ ಬಂದದ್ದು. ಅಗ್ಗ, ಸದ್ದು ಕಡಿಮೆ, ಹೆಗಲಿಗೆ ಒದೆತವೇ ಇಲ್ಲವೆನ್ನಬಹುದು.

ಇನ್ನು ದೂರದ ಗುರಿಯ ಮಾತು. ಇಂಗ್ಲೆಂಡಿನ ಬಿಸ್ಲಿ ಎಂಬಲ್ಲಿ 1890ರಿಂದಲೂ ರೈಫಲ್ ಪಂದ್ಯಗಳು ನಡೆಯುತ್ತ ಬಂದಿವೆ. ಅಲ್ಲಿಯ ದೊಡ್ಡ ಬಹುಮಾನದ ಕೊನೆಯ ಸುತ್ತಿನಲ್ಲಿ 900 ಗಜ, 1000 ಗಜ ದೂರದಿಂದ ಹೊಡೆಯಬೇಕು. ಸಾವಿರ ಗಜವೆಂದರೆ ಅರ್ಧ ಮೈಲಿಗೂ ಹೆಚ್ಚು. ನೀವು ನಿಂತ ಬಸ್ ನಿಲ್ದಾಣದಿಂದ ಇನ್ನೆರಡು ನಿಲ್ದಾಣ ದಾಟಿ ಆಚೆ ಇಟ್ಟ ಗುರಿ ಎಂದಿಟ್ಟುಕೊಳ್ಳಿ. ಅಂಥ ದೂರಕ್ಕೆ ಅಭ್ಯಾಸ ಮಾಡುವುದು ಎಲ್ಲಿ? ಅಷ್ಟು ಉದ್ದದ ಬಯಲು, ಅದರ ಹಿಂದೆ ಗುಂಡನ್ನು ತಡೆಯುವ ಗುಡ್ಡ, ನಡುವೆ ಜನ ದನ ಸುಳಿಯದ ಏರ್ಪಾಡು, ಇವೆಲ್ಲ ಸೇನೆಗೆ ಬಿಟ್ಟರೆ ಯಾರಿಗೆ ಸುಲಭ? ತೋಟಾದ ಬೆಲೆ ಬೇರೆ. ಮೇಲಾಗಿ ದೊಡ್ಡ ರೈಫಲ್ ಹೆಗಲಿಗೆ ಗುದ್ದುತ್ತದೆ. ಇಪ್ಪತ್ತು ಮೂವತ್ತು ಈಡು ಆಗುವಷ್ಟರಲ್ಲಿ ಕಲಿಯುವವನಿಗೆ ಗುದ್ದಿನ ಭಯ ಹತ್ತಿ, ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುವ ಚಾಳಿ ಅಂಟಿಕೊಳ್ಳುತ್ತದೆ.

ಈ ತೊಡಕು ಹೊಸದಲ್ಲ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರಿಗೆ ಇದರ ಪಾಠ ಕಹಿಯಾಗಿಯೇ ದೊರಕಿತು. ಬೇಸಾಯ ಬೇಟೆಗಳಲ್ಲಿ ಬೆಳೆದ ಬೋಯರ್ ರೈತರು ದೂರದಿಂದಲೇ ಗುರಿಯಿಟ್ಟು ಹೊಡೆಯುತ್ತಿದ್ದರು. ನಗರದ ಕಾರ್ಖಾನೆಗಳಿಂದ ಬಂದ ಸಿಪಾಯಿಗಳಿಗೆ ಆ ಅಭ್ಯಾಸವೆಲ್ಲಿಂದ ಬರಬೇಕು? ಆಗ ಹುಟ್ಟಿದ್ದು ಕಾರ್ಮಿಕರ ರೈಫಲ್ ಕ್ಲಬ್ಬುಗಳ ಸಂಘ, ವರ್ಷ 1901. ಹಿಂದೆ ಭಾರತದಲ್ಲಿ ದಂಡನಾಯಕರಾಗಿದ್ದ ಲಾರ್ಡ್ ರಾಬರ್ಟ್ಸ್ ಇದರ ದೊಡ್ಡ ಬೆಂಬಲಿಗರು. ಊರೂರಿನಲ್ಲಿ, ಕಟ್ಟಡದ ಒಳಗೂ, .22 ರೈಫಲಿನ ಅಭ್ಯಾಸ ಹಬ್ಬಿತು. 1909ರಲ್ಲಿ ಮೊದಲಾದ ಡ್ಯೂಯರ್ ಪಂದ್ಯದಲ್ಲಿ 50 ಗಜಕ್ಕೆ ಇಪ್ಪತ್ತು, 100 ಗಜಕ್ಕೆ ಇಪ್ಪತ್ತು ಗುಂಡು ಹೊಡೆಯುವ ಕ್ರಮ ಬಂತು. ದೊಡ್ಡ ರೈಫಲಿನ ನಳಿಗೆಯೊಳಗೆ ಸಣ್ಣ ನಳಿಗೆಯೊಂದನ್ನು ತೂರಿಸಿ ಅಭ್ಯಾಸ ಮಾಡುವ ‘ಮಾರಿಸ್ ಟ್ಯೂಬ್’ ಎಂಬ ಉಪಾಯವಂತೂ ಅದಕ್ಕೂ ಮುಂಚೆಯೇ ಸೇನೆಯಲ್ಲಿತ್ತು.

ಸಣ್ಣ ರೈಫಲಿನಲ್ಲಿ ಹಿಡಿತ ಕಲಿಯಬಹುದು, ಉಸಿರು ಕಲಿಯಬಹುದು, ಸರಿ. ದೂರವನ್ನು ಕಲಿಯುವುದು ಹೇಗೆ ಎಂದು ನೀವು ಕೇಳಬಹುದು. ಸ್ವಾರಸ್ಯವಿರುವುದೇ ಇಲ್ಲಿ.

ಬಿಸ್ಲಿಯಲ್ಲಿ ಬಳಸುವ ದೊಡ್ಡ ಗುಂಡಿನ ತೂಕ ಸುಮಾರು ಹತ್ತು ಗ್ರಾಂ. ಅದು ಸೆಕೆಂಡಿಗೆ 850 ಮೀಟರಿಗೂ ಮಿಕ್ಕಿದ ವೇಗದಲ್ಲಿ ಹೊರಡುತ್ತದೆ. ಪಂದ್ಯದ .22 ಗುಂಡಿನ ವೇಗವಾದರೋ ಸೆಕೆಂಡಿಗೆ ಸುಮಾರು 325 ಮೀಟರು. ಶಬ್ದಕ್ಕಿಂತ ಸ್ವಲ್ಪ ನಿಧಾನ. ಹಗುರ, ನಿಧಾನ, ಆದ್ದರಿಂದ ಬೇಗ ಬೀಳುತ್ತದೆ, ಬೇಗ ಗಾಳಿಗೆ ಬಾಗುತ್ತದೆ. 50 ಮೀಟರಿಗೆ ಸರಿಹೊಂದಿಸಿದ ರೈಫಲಿನಿಂದ 100 ಮೀಟರಿನ ಗುರಿಗೆ ಹಾಗೆಯೇ ಹೊಡೆದರೆ ಗುಂಡು ಒಂದು ಗೇಣು ಕೆಳಗೆ ಬೀಳುತ್ತದೆ. 200 ಮೀಟರಿನಲ್ಲಿ ಸುಮಾರು ಒಂದೂವರೆ ಮೀಟರು ಕೆಳಗೆ! ಗಂಟೆಗೆ 16 ಕಿಲೋಮೀಟರಿನಂತೆ ಪಕ್ಕದಿಂದ ಬೀಸುವ ಗಾಳಿ, ಎಂದರೆ ಬಾವುಟವನ್ನು ಬಿಚ್ಚಿ ಆಡಿಸುವಷ್ಟು ಗಾಳಿ, ಅದನ್ನು 100 ಮೀಟರಿನಲ್ಲಿ ನಾಲ್ಕು ಅಂಗುಲವೂ 200ರಲ್ಲಿ ಒಂದಡಿಗೆ ಮಿಕ್ಕಿಯೂ ಸರಿಸಿಬಿಡುತ್ತದೆ. ಕೋನದ ಲೆಕ್ಕ ಹಾಕಿ ನೋಡಿದರೆ, ದೊಡ್ಡ ರೈಫಲಿನವನು 700 ಗಜದ ಆಸುಪಾಸಿನಲ್ಲಿ ಎಷ್ಟು ಎತ್ತರಿಸಬೇಕೋ, ಗಾಳಿಗೆ ಎಷ್ಟು ಬಿಟ್ಟುಕೊಡಬೇಕೋ, ಸಣ್ಣ ರೈಫಲಿನವನು 200 ಗಜದಲ್ಲಿಯೇ ಹೆಚ್ಚು ಕಡಿಮೆ ಅಷ್ಟನ್ನೂ ಮಾಡಬೇಕಾಗುತ್ತದೆ. ಏಳುನೂರು ಗಜದ ಪಾಠಶಾಲೆ ಇನ್ನೂರು ಗಜದೊಳಗೆ ಅಡಕವಾಯಿತು!

ಗುರಿಯನ್ನೂ ಹಾಗೆಯೇ ಕುಗ್ಗಿಸಬಹುದು. ಸಾವಿರ ಗಜದಾಚೆಗೆ ಐದು ಅಡಿ ಅಗಲದ ವೃತ್ತ ಕಣ್ಣಿಗೆ ಎಷ್ಟು ಕಾಣುತ್ತದೆಯೋ, ಇನ್ನೂರು ಗಜದಲ್ಲಿ ಒಂದು ಅಡಿಯ ವೃತ್ತವೂ ಅಷ್ಟೇ ಕಾಣುತ್ತದೆ.

ಸಂಗೀತ ಬಲ್ಲವರಿಗೆ ಇದು ಥಟ್ಟನೆ ತಿಳಿಯುತ್ತದೆ. ಸರಳೆಯನ್ನು ಒಂದನೆಯ ಕಾಲದಲ್ಲಿ ಹಾಡಿಸಿಯೇ ಗುರುಗಳು ಶಿಷ್ಯನನ್ನು ಪರೀಕ್ಷಿಸುತ್ತಾರೆ. ಮೂರನೆಯ ಕಾಲದ ರಭಸದಲ್ಲಿ ಮುಚ್ಚಿಹೋಗುವ ಅಪಸ್ವರ ಅಲ್ಲಿ ಬಯಲಿಗೆ ಬರುತ್ತದೆ. ಸಣ್ಣ ಗುಂಡಿನದೂ ಒಂದನೆಯ ಕಾಲವೇ. ಅದು ನಳಿಗೆಯಿಂದ ಹೊರಬೀಳಲು ದೊಡ್ಡ ಗುಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ನೀವು ತಲೆಯೆತ್ತಿದರೆ, ಹೆಗಲು ಸಡಿಲಿಸಿದರೆ, ಅದು ಕಾಗದದ ಮೇಲೆ ಬರೆದುಬಿಡುತ್ತದೆ.

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. 50 ಮೀಟರಿನಲ್ಲಿ ಒಂದಿಷ್ಟು ಕೈ ಕುದುರಿದ ಮೇಲೆ, ಒಂದು ದಿನ ಹಿರಿಯರೊಬ್ಬರ ಜೊತೆಯಲ್ಲಿ 200 ಮೀಟರಿನ ಗುರಿಯ ಮುಂದೆ ಮಲಗಿದೆ. ಗುಂಡುಗಳು ಎಡಕ್ಕೊಂದು, ಬಲಕ್ಕೊಂದು ಚೆದುರಿದವು. “ಈ ಪೆಟ್ಟಿಗೆಯ ತೋಟಾಗಳೇ ಸರಿಯಿಲ್ಲ” ಎಂದೆ. ಅವರು ಮಾತಾಡಲಿಲ್ಲ. ನನ್ನನ್ನು ಎಬ್ಬಿಸಿ, ತಾವು ಮಲಗಿ, ಗುರಿಯ ಹಾದಿಯಲ್ಲಿ ಕಡ್ಡಿಗೆ ಕಟ್ಟಿದ್ದ ಬಟ್ಟೆಯ ಚೂರುಗಳನ್ನು ಬಹಳ ಹೊತ್ತು ನೋಡಿದರು. ಅವು ಒಂದೇ ಬಗೆಯಲ್ಲಿ ಆಡುವಾಗ ಮಾತ್ರ ಹೊಡೆದು, ಉಳಿದಾಗ ಸುಮ್ಮನಿದ್ದರು. ಅದೇ ಪೆಟ್ಟಿಗೆಯ ಐದು ಗುಂಡುಗಳು ಒಂದು ಅಂಗೈಯಗಲದಲ್ಲಿ ಕೂತವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನನಗೆ ಅಂದು ಅರ್ಥವಾದಷ್ಟು ಹಿಂದೆಂದೂ ಆಗಿರಲಿಲ್ಲ.

ಅವರು ಕಲಿಸಿದ ಕ್ರಮ ಸರಳವಾದದ್ದು. ಮೊದಲು 50 ಮೀಟರಿನಲ್ಲಿ ಗುಂಡುಗಳು ಒಂದೆಡೆ ಕೂಡಬೇಕು. ಅದಾಗುವವರೆಗೆ ದೂರದ ಮಾತೇ ಬೇಡ. ಆಮೇಲೆ 75, 100, 150 ಮೀಟರು ಎಂದು ಹಿಂದೆ ಸರಿಯುತ್ತ, ಪ್ರತಿಯೊಂದು ದೂರಕ್ಕೂ ಎಷ್ಟು ಏರಿಸಬೇಕಾಯಿತೆಂದು ಪುಸ್ತಕದಲ್ಲಿ ಬರೆದಿಡಬೇಕು. ದಿನಾಂಕ, ಬಿಸಿಲು, ಗಾಳಿಯ ದಿಕ್ಕು, ಬಳಸಿದ ತೋಟಾ, ಎಲ್ಲವನ್ನೂ. ಪ್ರತಿ ಈಡಿನ ಮೇಲೂ ದುರ್ಬೀನಿನಲ್ಲಿ ನೋಡುವ ಮುಂಚೆಯೇ ಗುಂಡು ಎಲ್ಲಿಗೆ ಹೋಗಿರಬೇಕೆಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ನೋಡಬೇಕು. ಹೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಅಂತರವೇ ಆ ದಿನದ ಪಾಠ. ನೋಡಿದ ಮೇಲೆ ಹೇಳುವುದು ಪಂಚಾಂಗ ಹರಿದ ಮೇಲೆ ತಿಥಿ ಹೇಳಿದಂತೆ.

ತೋಟಾದ ವಿಷಯದಲ್ಲಿ ಒಂದು ಎಚ್ಚರಿಕೆ. ಹೆಚ್ಚು ವೇಗದ .22 ತೋಟಾ ಕೊಂಡರೆ ಗಾಳಿಯ ಕಾಟ ಕಡಿಮೆಯಾದೀತೆಂದು ಯಾರಿಗಾದರೂ ತೋರುತ್ತದೆ. ನಡೆಯುವುದು ತದ್ವಿರುದ್ಧ. ಗಾಳಿಗೆ ಬಾಗುವುದು ವೇಗಕ್ಕಿಂತ ಹೆಚ್ಚಾಗಿ, ದಾರಿಯಲ್ಲಿ ಗುಂಡು ಎಷ್ಟು ಹೊತ್ತನ್ನು ಕಳೆದುಕೊಂಡಿತು ಎಂಬುದನ್ನು ಅವಲಂಬಿಸಿದೆ. ಶಬ್ದದ ವೇಗವನ್ನು ಮೀರಿ ಹೊರಟ ಸಣ್ಣ ಗುಂಡು ಬಹು ಬೇಗ ಸೋತು ಹಿಂದೆ ಬೀಳುತ್ತದೆ. ಆದ್ದರಿಂದ ಹೆಚ್ಚು ಬಾಗುತ್ತದೆ. ಪಂದ್ಯದವರು ನಿಧಾನದ ತೋಟಾವನ್ನೇ ಆರಿಸುವುದು ಇದಕ್ಕಾಗಿ.

ಸಣ್ಣ ರೈಫಲ್ ಎಲ್ಲವನ್ನೂ ಕಲಿಸುತ್ತದೆ ಎಂದರೆ ಅದು ಅತಿಶಯೋಕ್ತಿ. ದೊಡ್ಡದರ ಒದೆತವನ್ನು ತಾಳಿಕೊಳ್ಳುವುದನ್ನು ಅದು ಕಲಿಸಲಾರದು. ಇನ್ನೊಂದು ಕೊರತೆಯೆಂದರೆ, ದೊಡ್ಡ ತೋಟಾವನ್ನು ಕೈಯಾರೆ ಅಳೆದು ತುಂಬಿಕೊಳ್ಳಬಹುದು; ಇದರದು ಕಾರ್ಖಾನೆಯಿಂದ ಬಂದಂತೆಯೇ ಬಳಸಬೇಕು. ಒಂದಕ್ಕೂ ಇನ್ನೊಂದಕ್ಕೂ ಸೆಕೆಂಡಿಗೆ ಐದು ಮೀಟರು ವೇಗ ವ್ಯತ್ಯಾಸವಾದರೆ, 200 ಮೀಟರಿನಲ್ಲಿ ಗುಂಡು ಸುಮಾರು ಎರಡು ಅಂಗುಲ ಮೇಲೆ ಕೆಳಗಾಗುತ್ತದೆ. ಅದು ನಿಮ್ಮ ತಪ್ಪಲ್ಲ. ಯಾವುದು ತನ್ನ ತಪ್ಪು, ಯಾವುದು ತೋಟಾದ್ದು ಎಂದು ಬೇರ್ಪಡಿಸುವುದಕ್ಕೂ ಆ ಪುಸ್ತಕದ ಲೆಕ್ಕವೇ ಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಆಟದ ಬಂದೂಕೆಂದು ಅಜ್ಜ ಹೇಳಿದ್ದು ತಮಾಷೆಗೆ. ಅದನ್ನು ನಿಜವೆಂದು ನಂಬಿದರೆ ಅನಾಹುತ. .22 ತೋಟಾದ ಪೆಟ್ಟಿಗೆಗಳ ಮೇಲೆ, ಈ ಗುಂಡು ಒಂದೂವರೆ ಮೈಲಿ ಹೋಗಬಲ್ಲದು ಎಂಬ ಎಚ್ಚರಿಕೆಯನ್ನು ಅಚ್ಚು ಹಾಕಿರುತ್ತಾರೆ. ಕಲ್ಲಿಗೋ ಕೆರೆಯ ನೀರಿಗೋ ಓರೆಯಾಗಿ ತಗುಲಿದರೆ ಪುಟಿದು ಬೇರೆ ದಿಕ್ಕಿಗೆ ಹಾರುತ್ತದೆ. ಸದ್ದು ಚಿಕ್ಕದಾದರೂ ಪ್ರಾಣ ತೆಗೆಯಲು ಅದಕ್ಕೆ ಶಕ್ತಿಯುಂಟು. ಆದ್ದರಿಂದ ತೋಟದಂಚಿನಲ್ಲಿ, ಕೆರೆ ಏರಿಯ ಮೇಲೆ, ತಾರಸಿಯ ಮೇಲೆ ಇದರ ಅಭ್ಯಾಸ ಸಲ್ಲದು. ಹಿಂದೆ ಮಣ್ಣಿನ ದಿಬ್ಬವಿರುವ, ಮೇಲ್ವಿಚಾರಕರಿರುವ ಅಧಿಕೃತ ಗುರಿಕಟ್ಟೆಯಲ್ಲಿ ಮಾತ್ರ. 1959ರ ಆಯುಧ ಕಾಯಿದೆಯ ಪ್ರಕಾರ ಇದಕ್ಕೂ ಲೈಸೆನ್ಸು ಬೇಕು. ಮನೆಯಲ್ಲಿ ರೈಫಲ್ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ಕೈಗೆತ್ತಿಕೊಂಡ ಪ್ರತಿ ಸಲವೂ ಖಾಲಿಯೇ ಎಂದು ತೆರೆದು ನೋಡುವ ಪದ್ಧತಿಯನ್ನು ಮರೆಯಬೇಡಿ.

ಕೋವಿಯನ್ನು ಗೌರವದಿಂದ ಕಾಣುವ ಪದ್ಧತಿ ನಮ್ಮ ನಾಡಿಗೆ ಹೊಸದೇನಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಈಚಿನ ಸ್ಪರ್ಧೆಗಳಲ್ಲಿ .22 ರೈಫಲಿಗೆ ಬೇರೆಯದೇ ವಿಭಾಗವಿರುವುದೂ ಉಂಟು. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನಿಂದ ವಿನಾಯಿತಿಯಿದ್ದರೂ ಅದು ಷರತ್ತುಗಳಿಗೆ ಒಳಪಟ್ಟದ್ದು.

ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರವನ್ನು ನೋಡಿ. ಅಲ್ಲಿಯ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್ಕಿನಲ್ಲಿ 50 ಮೀಟರ್ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಮಂಡಿಯೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಇಬ್ಬರ ಕೈಯಲ್ಲಿದ್ದದ್ದೂ ಈ .22 ರೈಫಲೇ. ಆ ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರು, ಹೆಚ್ಚು ಕಡಿಮೆ ಅಂಗಿಯ ಒಂದು ಗುಂಡಿಯಷ್ಟು.

ಇನ್ನೊಮ್ಮೆ ನಿಮ್ಮ ಮನೆಯ ಮಗು ಐದು ತೂತಿನ ಕಾಗದ ತಂದಾಗ, ದೂರವೆಷ್ಟು ಎಂದು ಮೊದಲು ಕೇಳಬೇಡಿ. “ಈ ಐದರಲ್ಲಿ ಯಾವುದು ಎಲ್ಲಿಗೆ ಬೀಳುತ್ತದೆಂದು ನಿನಗೆ ಮೊದಲೇ ಗೊತ್ತಿತ್ತು?” ಎಂದು ಕೇಳಿ. ಯೋಚಿಸಿ, ಒಂದನ್ನು ಬೆರಳಿಟ್ಟು ತೋರಿಸಿ, “ಇದು ನನ್ನ ತಪ್ಪು, ಉಸಿರು ಬಿಟ್ಟುಬಿಟ್ಟೆ” ಎಂದು ಅದು ಹೇಳಿದರೆ, ಆ ಮಗು ಸಾವಿರ ಗಜದ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟಿದೆ ಎಂದು ತಿಳಿಯಿರಿ. ಅಜ್ಜನವರಿಗೂ ಒಂದು ಮಾತು ತಿಳಿಸಿ.